ಖಾಸಗಿ ಎಂಬ ಬೋರ್ಡು

ಅಧಿಕಾರದ ಕುರ್ಚಿಯಲ್ಲಿ ಕೂತವನು ತನ್ನ ಸ್ವಂತ ಫೇಸ್‌ಬುಕ್ ಖಾತೆಯಲ್ಲಿ ತನ್ನನ್ನು ಟೀಕಿಸಿದವರನ್ನು ಬ್ಲಾಕ್ ಮಾಡಬಹುದೇ? ಕೇಳುವುದಕ್ಕೆ ಇದು ಪೇಟೆ ಹುಡುಗರ ಮೊಬೈಲ್ ಜಗಳದಂತೆ ಕಾಣಬಹುದು. ನಮಗೆ ಹಾಗೆ ಕಾಣುವುದಿಲ್ಲ. ಯಾವುದು ಖಾಸಗಿ, ಯಾವುದು ಸಾರ್ವಜನಿಕ, ಅದನ್ನು ತೀರ್ಮಾನ ಮಾಡುವವರು ಯಾರು ಎಂಬ ಪ್ರಶ್ನೆಯನ್ನು ಕೆರೆಯ ದಂಡೆಯಲ್ಲಿ, ಗುಡಿಯ ಬಾಗಿಲಲ್ಲಿ, ಹೋಟೆಲಿನ ಲೋಟದ ಮುಂದೆ ನಮ್ಮ ಜನ ತಲೆತಲಾಂತರದಿಂದ ಎದುರಿಸಿದ್ದಾರೆ. ಆದ್ದರಿಂದ ಅಮೆರಿಕದ ಸುಪ್ರೀಂ ಕೋರ್ಟು 2024ರ ಮಾರ್ಚ್ 15ರಂದು ಈ ಬಗ್ಗೆ ಕೊಟ್ಟ ತೀರ್ಪನ್ನು ಒಂದು ಕೃತಿಯನ್ನು ಓದುವಷ್ಟೇ ಎಚ್ಚರದಿಂದ ನಾವು ಓದಬೇಕಾಗಿದೆ.

ಮಿಷಿಗನ್ ರಾಜ್ಯದಲ್ಲಿ ಪೋರ್ಟ್ ಹ್ಯೂರನ್ ಎಂಬ ಊರು. ಅಲ್ಲಿನ ನಗರಾಡಳಿತದ ಮುಖ್ಯಾಧಿಕಾರಿ ಜೇಮ್ಸ್ ಫ್ರೀಡ್. ಓದುವ ದಿನಗಳಲ್ಲಿ ತೆರೆದ ಖಾತೆಯನ್ನು, ಗೆಳೆಯರ ಸಂಖ್ಯೆ ಫೇಸ್‌ಬುಕ್ಕಿನ 5000ದ ಮಿತಿ ಮುಟ್ಟುತ್ತಾ ಬಂದಾಗ, ಯಾರು ಬೇಕಾದರೂ ನೋಡಬಹುದಾದ ಪುಟವಾಗಿ ಬದಲಾಯಿಸಿದ. 2014ರಲ್ಲಿ ಅಧಿಕಾರಿಯಾದ ಮೇಲೂ ಅದೇ ಪುಟ ಮುಂದುವರಿಯಿತು. ಅದರಲ್ಲಿ ಮಗಳ ಫೋಟೋ, ನಾಯಿಯ ಫೋಟೋ, ಬೈಬಲ್ಲಿನ ವಾಕ್ಯ. ಅದರ ನಡುವೆಯೇ ಊರಿನ ಎಲೆಕಸ ಎತ್ತುವ ವ್ಯವಸ್ಥೆ, ನದಿಯಿಂದ ಊರಿಗೆ ನೀರು ತರುವ ಕೆಲಸ. ಆಗೊಮ್ಮೆ ಈಗೊಮ್ಮೆ ಜನರ ಅಭಿಪ್ರಾಯವನ್ನೂ ಕೇಳುತ್ತಿದ್ದ. 2020ರಲ್ಲಿ ಕೊರೋನಾ ಬಂತು. ಹೋಟೆಲೊಂದರಿಂದ ಮೇಯರ್ ಜೊತೆ ಊಟ ಕಟ್ಟಿಸಿಕೊಂಡ ಫೋಟೋವನ್ನು ಆತ ಹಾಕಿದಾಗ ಊರಿನ ಒಬ್ಬ ನಿವಾಸಿ ಕೇಳಿದ: ಜನ ನರಳುತ್ತಿರುವಾಗ ನೀವು ದುಬಾರಿ ಹೋಟೆಲಿನ ಊಟ ಮಾಡ್ತಾ ಇದೀರಲ್ಲ, ಜನರ ಹತ್ತಿರ ಬಂದು ಮಾತಾಡಬಾರದೇ? ಫ್ರೀಡ್ ಮೊದಲು ಅವನ ಮಾತುಗಳನ್ನು ಅಳಿಸಿದ. ಆಮೇಲೆ ಅವನನ್ನೇ ಬ್ಲಾಕ್ ಮಾಡಿದ. ಆ ನಿವಾಸಿ ಪುಟವನ್ನು ನೋಡಬಹುದಿತ್ತು, ಅಲ್ಲಿ ಬರೆಯುವಂತಿರಲಿಲ್ಲ.

ನೋಡಬಹುದು, ಮಾತಾಡಬಾರದು. ಈ ಕಟ್ಟಳೆ ಎಂಥದ್ದು ಅಂತ ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ತೇರನ್ನು ದೂರದಿಂದ ನೋಡು, ಹಗ್ಗ ಮುಟ್ಟಬೇಡ ಅಂದವರ ಬಾಯಿಂದ ಕೇಳಿದ್ದೇವೆ.

ಒಂಬತ್ತು ನ್ಯಾಯಮೂರ್ತಿಗಳ ಒಮ್ಮತದ ಈ ತೀರ್ಪನ್ನು ಬರೆದವರು ಏಮಿ ಕೋನಿ ಬ್ಯಾರೆಟ್. ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಮಾತಿನ ಸ್ವಾತಂತ್ರ್ಯವನ್ನು ಸರ್ಕಾರದಿಂದ ಕಾಯುತ್ತದೆಯೇ ಹೊರತು ಖಾಸಗಿ ವ್ಯಕ್ತಿಯಿಂದಲ್ಲ. ಹಾಗಾಗಿ ಬ್ಲಾಕ್ ಮಾಡಿದ್ದು ಫ್ರೀಡ್ ಎಂಬ ಮನುಷ್ಯನೋ, ಫ್ರೀಡ್ ಎಂಬ ಸರ್ಕಾರವೋ ಎಂಬುದೇ ಪ್ರಶ್ನೆಯಾಯಿತು. ಕೋರ್ಟು ಎರಡು ಪರೀಕ್ಷೆ ಇಟ್ಟಿತು. ಒಂದು, ಆ ವಿಷಯದಲ್ಲಿ ಸರ್ಕಾರದ ಪರವಾಗಿ ಮಾತಾಡುವ ನಿಜವಾದ ಅಧಿಕಾರ ಅವನಿಗೆ ಇರಬೇಕು. ಎರಡು, ಆ ಬರಹದಲ್ಲಿ ಆ ಅಧಿಕಾರವನ್ನು ಚಲಾಯಿಸುತ್ತಿರುವಂತೆ ಅವನು ನಡೆದುಕೊಂಡಿರಬೇಕು. ಎರಡೂ ಕೂಡಿದರೆ ಮಾತ್ರ ಅದು ಸರ್ಕಾರದ ಕೃತ್ಯ. ಹೀಗೆ ಹೇಳಿ ಮೊಕದ್ದಮೆಯನ್ನು ಕೆಳಗಿನ ಕೋರ್ಟಿಗೆ ವಾಪಸು ಕಳಿಸಿತು.

ತೀರ್ಪಿನಲ್ಲಿ ಒಪ್ಪತಕ್ಕದ್ದು ಇದೆ. ಹಣೆಪಟ್ಟಿ ಮುಖ್ಯವಲ್ಲ, ತಿರುಳು ಮುಖ್ಯ ಎಂದು ಅದು ಹೇಳುತ್ತದೆ. ಅಧಿಕಾರಿಗೂ ಹೆಂಡತಿ ಮಕ್ಕಳ ಬದುಕಿದೆ, ಅವನಿಗೂ ಹಕ್ಕುಗಳಿವೆ ಎನ್ನುತ್ತದೆ. ಇದನ್ನು ನಾವು ಅಲ್ಲಗಳೆಯುವುದಿಲ್ಲ. ನೌಕರಿ ಸೇರಿದ ಮಾತ್ರಕ್ಕೆ ಯಾರೂ ಇಪ್ಪತ್ತನಾಲ್ಕು ಗಂಟೆಯೂ ಸರ್ಕಾರವಾಗುವುದಿಲ್ಲ. ಬ್ಲಾಕ್ ಮಾಡಿದರೆ ಇಡೀ ಪುಟವೇ ಮುಚ್ಚಿಹೋಗುವುದರಿಂದ, ಸ್ವಂತದ್ದನ್ನೂ ಸರ್ಕಾರದ್ದನ್ನೂ ಕಲಸಿ ಇಟ್ಟವನು ಅದರ ಫಲ ಉಣ್ಣಬೇಕಾದೀತು ಎಂಬ ಎಚ್ಚರಿಕೆಯೂ ಅಲ್ಲಿದೆ.

ಆದರೆ ತಿರುಳು ಮುಖ್ಯ ಎಂದವರೇ ಮುಂದೆ ಹೋಗಿ ಬೋರ್ಡಿಗೆ ಬೆಲೆ ಕಟ್ಟುತ್ತಾರೆ. ಇದು ನನ್ನ ಖಾಸಗಿ ಪುಟ, ಇಲ್ಲಿನ ಅಭಿಪ್ರಾಯ ನನ್ನದು ಮಾತ್ರ ಅಂತ ಬರೆದುಕೊಂಡಿದ್ದರೆ, ಅದು ಖಾಸಗಿಯೆಂದೇ ಬಲವಾಗಿ ಭಾವಿಸಬೇಕಾಗುತ್ತಿತ್ತು ಎನ್ನುತ್ತದೆ ತೀರ್ಪು. ಆ ಭಾವನೆಯನ್ನು ಸುಳ್ಳುಮಾಡಬಹುದು, ನಿಜ. ಯಾರು ಮಾಡಬೇಕು? ಬಾಯಿ ಮುಚ್ಚಿಸಿಕೊಂಡವನು. ಅಧಿಕಾರವು ಕಾನೂನಿನಿಂದ ಮಾತ್ರವಲ್ಲ, ರೂಢಿಯಿಂದಲೂ ಬರಬಹುದು ಅಂತ ಕೋರ್ಟು ಒಪ್ಪುತ್ತದೆ. ಆ ರೂಢಿಗೆ ಪುರಾವೆ ತರಬೇಕಾದವನೂ ಅವನೇ. ಬೀಗದ ಕೈ ಒಬ್ಬನ ಹತ್ತಿರ, ಬಾಗಿಲು ತೆಗೆಸುವ ಕೆಲಸ ಇನ್ನೊಬ್ಬನ ತಲೆಗೆ!

ತೀರ್ಪಿನಲ್ಲಿ ಒಂದು ದೃಷ್ಟಾಂತ ಬರುತ್ತದೆ. ಶಾಲಾ ಮಂಡಳಿಯ ಅಧ್ಯಕ್ಷ ಕೊರೋನಾ ನಿರ್ಬಂಧ ತೆಗೆದ ಸುದ್ದಿಯನ್ನು ಸಭೆಯಲ್ಲಿ ಹೇಳಿದರೆ ಅದು ಸರ್ಕಾರದ ಮಾತು. ಮಾರನೆಯ ಸಂಜೆ ಹಿತ್ತಲ ಊಟದ ಕೂಟದಲ್ಲಿ ಗೆಳೆಯರಿಗೆ ಅದನ್ನೇ ಹೇಳಿದರೆ ಖಾಸಗಿ ಮಾತು. ಓದಲು ಸೊಗಸಾಗಿದೆ. ಆದರೆ ಆ ಹಿತ್ತಲಿಗೆ ಯಾರನ್ನು ಕರೆದಿದ್ದರು? ಯಾರನ್ನು ಕರೆಯಲಿಲ್ಲ? ದೃಷ್ಟಾಂತ ಈ ಪ್ರಶ್ನೆಯನ್ನು ಕೇಳುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಗೌಡರ ಜಗಲಿ ಗೌಡರ ಸ್ವಂತ ಮನೆಯದೇ. ಊರಿನ ನ್ಯಾಯ, ದಂಡ, ಬಹಿಷ್ಕಾರ ತೀರ್ಮಾನವಾಗುತ್ತಿದ್ದುದು ಮಾತ್ರ ಅಲ್ಲೇ. ‘ನಮ್ಮ ಮನೆ ಜಗಲಿ ಕಣೋ’ ಅಂತ ನಮ್ಮವರನ್ನು ಕೆಳಗೆ ನಿಲ್ಲಿಸಿದರು. ‘ಊರ ನ್ಯಾಯ’ ಅಂತ ದಂಡ ಕಟ್ಟಿಸಿಕೊಂಡರು. ಎರಡು ಬಾಯಿಯ ಈ ಜಗಲಿಯನ್ನು ಕಂಡವರಿಗೆ ಎರಡು ಬಾಯಿಯ ಖಾತೆ ಅರ್ಥವಾಗದೇ ಇರುತ್ತದೆಯೇ?

ಖಾಸಗಿ ಎಂಬ ವಾದ ಏನೇನು ಮಾಡಬಲ್ಲದು ಎಂಬುದಕ್ಕೆ ಮಹಾಡ್ ಸಾಕ್ಷಿ. ಅಲ್ಲಿನ ಚವದಾರ್ ಕೆರೆ ಎಲ್ಲರಿಗೂ ಸೇರಿದ್ದೆಂದು ಪುರಸಭೆ 1924ರಲ್ಲೇ ಠರಾವು ಮಾಡಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬ್ ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಹೋಗಿ ಆ ನೀರು ಕುಡಿದರು. ಮೇಲ್ಜಾತಿಯವರು ಹೊಡೆದರು, ಕೆರೆಯನ್ನು ‘ಶುದ್ಧ’ ಮಾಡಿದರು. ಸಾಲದ್ದಕ್ಕೆ ಡಿಸೆಂಬರಿನಲ್ಲಿ ಕೋರ್ಟಿಗೂ ಹೋದರು. ಕೆರೆ ಸಾರ್ವಜನಿಕವಲ್ಲ, ಖಾಸಗಿ ಸ್ವತ್ತು ಎಂಬುದೇ ಅವರ ವಾದ. ಅನಾದಿ ರೂಢಿ ಎಂಬುದು ಸಾಬೀತಾಗಲಿಲ್ಲವೆಂದು ಬೊಂಬಾಯಿ ಹೈಕೋರ್ಟು ಹೇಳಿದ್ದು 1937ರ ಮಾರ್ಚ್ 17ರಂದು. ಒಂದು ಬೊಗಸೆ ನೀರಿನ ಮೊಕದ್ದಮೆಗೆ ಹತ್ತು ವರ್ಷ! ಆಮೇಲೆ ಬಂದ ನಮ್ಮ ಸಂವಿಧಾನದ 15(2)ನೇ ವಿಧಿ ಬೋರ್ಡನ್ನು ಕೇಳುವುದಿಲ್ಲ. ಬಾವಿ, ಕೆರೆ, ರಸ್ತೆಗೆ ಪೂರ್ತಿಯಾಗಿಯೋ ಭಾಗಶಃವಾಗಿಯೋ ಸರ್ಕಾರದ ಹಣ ಹೋಗಿದೆಯೇ, ಅದು ಜನರ ಬಳಕೆಗೆ ಬಿಟ್ಟದ್ದೇ ಎಂದು ಕೇಳುತ್ತದೆ. ಖಾತೆಗೂ ಇದೇ ಅಳತೆ ಸಲ್ಲಬೇಕು ಎಂಬುದು ನಮ್ಮ ನಿಲುವು. ಅಲ್ಲಿ ಜನರ ಕೆಲಸ ನಡೆಯುತ್ತಿದೆಯೇ? ಹಾಗಾದರೆ ಅದು ಜನರ ಜಾಗ.

ಆದರೂ ಒಂದು ಪ್ರಶ್ನೆ ನಮ್ಮನ್ನು ಬಿಡುವುದಿಲ್ಲ. ಮೀಸಲಾತಿಯಿಂದ ಪಂಚಾಯ್ತಿ ಅಧ್ಯಕ್ಷೆಯಾದ ನಮ್ಮ ಅಕ್ಕನೊಬ್ಬಳ ಖಾತೆಗೆ ಬಂದು ಜಾತಿ ಹಿಡಿದು ಬೈದರೆ ಅವಳು ಸಹಿಸಿಕೊಳ್ಳಬೇಕೇ? ಖಂಡಿತ ಬೇಕಿಲ್ಲ. ಅದು ಟೀಕೆಯಲ್ಲ, ದೌರ್ಜನ್ಯ. ಅದಕ್ಕೆ 1989ರ ಕಾಯ್ದೆ ಇದೆ. ಆದರೆ ಬೈಗುಳದ ನೆಪದಲ್ಲಿ ಪ್ರಶ್ನೆಯನ್ನು ಹೊರಹಾಕುವಂತಿಲ್ಲ. ಕ್ಯಾಲಿಫೋರ್ನಿಯಾದ ಪೊವೇ ಶಾಲಾ ಮಂಡಳಿಯ ಇಬ್ಬರು ಸದಸ್ಯರು ಮಕ್ಕಳ ತಂದೆ ತಾಯಿಯನ್ನೇ ಬ್ಲಾಕ್ ಮಾಡಿದ್ದರು. ಆ ಪೋಷಕರ ದೂರುಗಳಲ್ಲಿ ಶಾಲೆಗಳಲ್ಲಿನ ಜನಾಂಗ ಸಂಬಂಧದ ಪ್ರಶ್ನೆಯೂ ಇತ್ತು. ಒಮ್ಮೆ ಸುಮಾರು ಹತ್ತು ನಿಮಿಷದಲ್ಲಿ ಒಂದೇ ಮಾತನ್ನು 226 ಸಲ ಹಾಕಿದ್ದರಂತೆ. ಕಿರಿಕಿರಿಯೇ ಸರಿ. ಕಿರಿಕಿರಿಗೆ ಬೇರೆ ಮದ್ದಿದೆ. ಡೊನಾಲ್ಡ್ ಟ್ರಂಪ್ ಅಧ್ಯಕ್ಷರಾಗಿದ್ದಾಗ ಟ್ವಿಟರಿನಲ್ಲಿ ಟೀಕಾಕಾರರನ್ನು ಬ್ಲಾಕ್ ಮಾಡಿದ್ದು ಸಂವಿಧಾನ ವಿರೋಧಿ ಎಂದು 2018ರಲ್ಲಿ ತೀರ್ಪಿತ್ತ ನ್ಯಾಯಾಧೀಶೆ ನವೋಮಿ ಬುಕ್‌ವಾಲ್ಡ್ ಈ ವ್ಯತ್ಯಾಸವನ್ನು ಗುರುತಿಸಿದ್ದರು. ಮ್ಯೂಟ್ ಮಾಡಿದರೆ ಅಧಿಕಾರಸ್ಥನ ಕಿವಿ ಮಾತ್ರ ಮುಚ್ಚುತ್ತದೆ, ಉತ್ತರ ಬರೆಯುವ ಅವಕಾಶ ಜನಕ್ಕೆ ಉಳಿಯುತ್ತದೆ. ಟ್ರಂಪ್ ಅಧಿಕಾರದಿಂದ ಇಳಿದ ಮೇಲೆ, 2021ರಲ್ಲಿ, ಆ ಮೊಕದ್ದಮೆಯನ್ನೇ ಸುಪ್ರೀಂ ಕೋರ್ಟು ಅಪ್ರಸ್ತುತವೆಂದು ಮುಗಿಸಿತು. ಆ ವಿವೇಕ ಮಾತ್ರ ಅಪ್ರಸ್ತುತವಾಗಿಲ್ಲ.

ನಮ್ಮ ದೇಶದ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಜನವರಿ 3ರಂದು ಕೌಶಲ್ ಕಿಶೋರ್ ಮೊಕದ್ದಮೆಯಲ್ಲಿ ಬಹುಮತದಿಂದ ಎರಡು ಮಾತು ಹೇಳಿತು. ಮಂತ್ರಿಯ ಮಾತನ್ನೆಲ್ಲ ಸರ್ಕಾರದ ತಲೆಗೆ ಕಟ್ಟಲಾಗದು. ಆದರೆ 19ನೇ ವಿಧಿಯ ಹಕ್ಕನ್ನು ಸರ್ಕಾರವಲ್ಲದವರ ವಿರುದ್ಧವೂ ಕೇಳಬಹುದು. ಮೊದಲನೆಯದು ಅಧಿಕಾರಸ್ಥರಿಗೆ ಗೋಡೆಯಾದರೆ ಎರಡನೆಯದು ನಮಗೆ ಬಾಗಿಲು.

ಬಾಗಿಲು ತಾನಾಗಿ ತೆರೆಯುವುದಿಲ್ಲ. ಸರ್ಕಾರಿ ನೌಕರರ ಕೈಯಿಂದ ಬರೆಸಿದ್ದನ್ನು ಖಾಸಗಿ ಎನ್ನುವುದು ಕಷ್ಟ ಎಂದು ಅಮೆರಿಕದ ತೀರ್ಪೇ ಸೂಚಿಸುತ್ತದೆ. ಈ ಎಳೆಯನ್ನು ಹಿಡಿಯಿರಿ. ನಿಮ್ಮನ್ನು ಬ್ಲಾಕ್ ಮಾಡಿದರೆ ನಾಚಿಕೊಂಡು ಸುಮ್ಮನಾಗಬೇಡಿ. ತಾರೀಖು ಸಮೇತ ಚಿತ್ರ ತೆಗೆದಿಡಿ. ಆ ಖಾತೆಯನ್ನು ನಡೆಸುವವರು ಯಾರು, ಅವರಿಗೆ ಸಂಬಳ ಯಾವ ಬಾಬ್ತಿನಿಂದ ಹೋಗುತ್ತಿದೆ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಒಂದು ಪೈಸೆ ಜನರದ್ದಿದ್ದರೂ ಅಲ್ಲಿ ಜನರಿಗೆ ಬಾಯಿ ಇರಬೇಕು.