ಕಾಗದದ ತೂತನ್ನು ಎಷ್ಟು ನಂಬಬೇಕು?

ಅಮೆರಿಕದಲ್ಲಿ ಬೇಟೆ ಬಿಲ್ಲು ಮಾರುವ ಅಂಗಡಿಗಳಲ್ಲಿ ಸಾಮಾನ್ಯವಾಗಿ ಒಂದು ಚೌಕಟ್ಟು ಇರುತ್ತದೆ. ಅದಕ್ಕೆ ಬಿಗಿಯಾಗಿ ಹಚ್ಚಿದ ಕಾಗದ, ಅದರ ಹಿಂದೆ ಬಾಣ ತಡೆಯುವ ದಪ್ಪ ಗುರಿಹಲಗೆ. ಹೊಸ ಕಾಂಪೌಂಡ್ ಬಿಲ್ಲು ಕೊಂಡವರು ಐದಾರು ಅಡಿ ದೂರ ನಿಂತು ಆ ಕಾಗದದ ಮೂಲಕ ಬಾಣ ಬಿಡುತ್ತಾರೆ. ಬಾಣ ನೆಟ್ಟಗೆ ಹೋಗಿದ್ದರೆ ನಡುವೆ ದುಂಡನೆಯ ತೂತು, ಸುತ್ತ ಮೂರು ಗರಿಗಳ ಸೀಳು. ಬಾಲ ಎತ್ತಿಕೊಂಡೋ ಪಕ್ಕಕ್ಕೆ ವಾಲಿಕೊಂಡೋ ಹೋಗಿದ್ದರೆ ಕಾಗದ ಆ ಕಡೆಗೆ ಉದ್ದಕ್ಕೆ ಹರಿದಿರುತ್ತದೆ. ಹರಿದ ದಿಕ್ಕು ನೋಡಿ ಅಂಗಡಿಯವರು ಬಾಣ ಕೂರುವ ರೆಸ್ಟನ್ನು ಒಂದಿಷ್ಟು ಸರಿಸಿ ಮತ್ತೆ ಬಿಡಿಸುತ್ತಾರೆ. ದುಂಡು ತೂತು ಬಿದ್ದ ಕೂಡಲೇ ಬಿಲ್ಲು ಟ್ಯೂನ್ ಆಯಿತೆಂದು ಲೆಕ್ಕ.

ಪೇಪರ್ ಟ್ಯೂನಿಂಗ್ ಎಂಬ ಈ ಪದ್ಧತಿ ಒಳ್ಳೆಯದೇ. ತೊಂದರೆ ಇರುವುದು ಅದನ್ನೇ ಕೊನೆಯ ತೀರ್ಪೆಂದು ಒಪ್ಪಿಕೊಳ್ಳುವುದರಲ್ಲಿ. ಗುರಿಹಲಗೆಗೆ ಹೊಡೆಯುವವರಿಗೆ ಈ ತಪ್ಪಿನಿಂದ ಒಂದೆರಡು ಅಂಕ ಹೋಗಬಹುದು. ಜಿಂಕೆಗೆ ಹೊಡೆಯುವವರ ತಪ್ಪಿನ ಬೆಲೆ ತೆರುವುದು ಜಿಂಕೆ.

ಮಿಸೌರಿಯ ಹಾಲೆಸ್ ವಿಲ್ಬರ್ ಅಲೆನ್ ಕಾಂಪೌಂಡ್ ಬಿಲ್ಲಿನ ಪೇಟೆಂಟಿಗೆ ಅರ್ಜಿ ಹಾಕಿದ್ದು 1966ರಲ್ಲಿ, ಅದು ಕೈಗೆ ಬಂದದ್ದು 1969ರಲ್ಲಿ. ಬಿಲ್ಲಿನ ಎರಡು ತುದಿಗೂ ರಾಟೆ ಕೂರಿಸಿ, ಪೂರ್ತಿ ಎಳೆದಾಗ ಕೈ ಮೇಲಿನ ಭಾರ ಇಳಿಯುವಂತೆ ಮಾಡಿದ್ದು ಅವರ ಸಾಧನೆ. ಇಂದಿನ 70 ಪೌಂಡಿನ ಬಿಲ್ಲಿನಲ್ಲಿ ಶೇ. 80ರಷ್ಟು ಭಾರ ಇಳಿದರೆ, ಗುರಿ ಹಿಡಿದು ನಿಂತವರ ಬೆರಳಿಗೆ ಉಳಿಯುವುದು 14 ಪೌಂಡ್ ಮಾತ್ರ. ಆದರೆ ರಾಟೆ, ಕೇಬಲ್, ರೆಸ್ಟ್, ಹೆದೆಯ ಗಂಟು ಎಂದು ಬಿಡಿಭಾಗಗಳು ಹೆಚ್ಚಿದಂತೆ ಬಾಣ ಹಾದಿ ತಪ್ಪಲು ಕಾರಣಗಳೂ ಹೆಚ್ಚಿದವು. ಈಗ ಕ್ಯಾಮ್ ಎಂದು ಕರೆಯುವ ಆ ರಾಟೆಗಳಲ್ಲಿ ಮೇಲಿನದು ಕೆಳಗಿನದಕ್ಕಿಂತ ಸ್ವಲ್ಪ ಮೊದಲೇ ತನ್ನ ತಡೆಗೆ ಬಂದು ನಿಂತರೂ ಸಾಕು, ಹೆದೆ ಬಾಣದ ಹಿಂತುದಿಯನ್ನು ಸಮರೇಖೆಯಲ್ಲಿ ತಳ್ಳುವುದಿಲ್ಲ. ಕ್ಯಾಮ್ ಪಕ್ಕಕ್ಕೆ ವಾಲಿದ್ದರೆ ಬಾಣ ಅಡ್ಡ ಬಾಲವಾಡಿಸುತ್ತದೆ.

ಇಂಥ ದೋಷಗಳ ಪೈಕಿ ಕೆಲವನ್ನು ಕಾಗದ ಚೆನ್ನಾಗಿ ಹಿಡಿಯುತ್ತದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಬಾಣದ ಬಾಲ ಮೇಲೆದ್ದು ಕಾಗದ ಮೇಲಕ್ಕೆ ಹರಿದಿದೆ ಎನ್ನಿ. ರೆಸ್ಟನ್ನು ತುಸು ಎತ್ತಬೇಕು, ಇಲ್ಲವೇ ಹೆದೆಯ ಮೇಲೆ ಬಾಣ ಸಿಕ್ಕಿಸುವ ಜಾಗವನ್ನು ಇಳಿಸಬೇಕು. ಹರಿವು ಚಿಕ್ಕದಾಗುತ್ತ ಬಂದರೆ ದಾರಿ ಸರಿಯಿದೆ. ಎಷ್ಟು ಸರಿಸಿದರೂ ಅದು ಕದಲದಿದ್ದರೆ ಗರಿ ಎಲ್ಲೋ ತಾಗುತ್ತಿದೆ ಎಂದು ಶಂಕಿಸಬೇಕು. ಕಾಲಿಗೆ ಹಾಕುವ ಸ್ಪ್ರೇ ಪೌಡರನ್ನು ಗರಿ ಮತ್ತು ರೆಸ್ಟಿನ ಮೇಲೆ ತೆಳುವಾಗಿ ಹೊಡೆದು ಒಂದು ಬಾಣ ಬಿಟ್ಟರೆ, ಪುಡಿ ಒರೆಸಿಹೋದ ಕಡೆ ತಾಗಿದ ಗುರುತು ಸಿಗುತ್ತದೆ. ಬಾಣ ಹೊರಟೊಡನೆ ಕೆಳಗೆ ಬೀಳುವ ಬಗೆಯ ರೆಸ್ಟು ತಡವಾಗಿ ಬೀಳುತ್ತಿದ್ದರೆ ಅದೂ ಇಲ್ಲೇ ಗೊತ್ತಾಗುತ್ತದೆ. ಹತ್ತು ನಿಮಿಷದ, ಖರ್ಚಿಲ್ಲದ ಈ ಪರೀಕ್ಷೆಗೆ ಸಮನಾದದ್ದು ಇನ್ನೊಂದಿಲ್ಲ.

ಅಡ್ಡ ಹರಿವಿನ ವಿಷಯಕ್ಕೆ ಬಂದರೆ ಕಾಗದದ ಮಾತು ತೊದಲುತ್ತದೆ. ಎಡಕ್ಕೆ ಹರಿದ ಒಂದು ಸೀಳಿನ ಹಿಂದೆ ನಾಲ್ಕು ಕಾರಣ ಇರಬಹುದು: ರೆಸ್ಟು ನಡುರೇಖೆಯಿಂದ ಸರಿದಿರುವುದು, ಕ್ಯಾಮ್ ವಾಲಿರುವುದು, ಬಾಣದ ಬಿಗಿತ ಬಿಲ್ಲಿಗೆ ಹೊಂದದಿರುವುದು, ಇಲ್ಲವೇ ಹಿಡಿದ ಅಂಗೈ ಬಿಲ್ಲನ್ನು ತಿರುಚುತ್ತಿರುವುದು. ಕಾಗದ ನಾಲ್ಕಕ್ಕೂ ಒಂದೇ ರೀತಿ ಹರಿಯುತ್ತದೆ. ಅವಸರದಲ್ಲಿರುವವರು ಕೈಗೆ ಸುಲಭಕ್ಕೆ ಸಿಗುವ ರೆಸ್ಟಿನ ತಿರುಪನ್ನೇ ತಿರುಗಿಸುತ್ತಾರೆ. ಬಾಣ ಹಿಡಿಕೆಯ ಒಳಮೈಯಿಂದ ಸಾಮಾನ್ಯವಾಗಿ ಮುಕ್ಕಾಲು ಇಂಚಿನ ಆಸುಪಾಸು ಇರಬೇಕು. ದುಂಡು ತೂತಿನ ಆಸೆಗೆ ರೆಸ್ಟನ್ನು ಅದರಿಂದ ತೀರಾ ಆಚೆ ತಳ್ಳಿದರೆ ಒಂದು ದೋಷಕ್ಕೆ ಇನ್ನೊಂದನ್ನು ಎದುರು ನಿಲ್ಲಿಸಿದಂತಾಯಿತು. ಆರು ಅಡಿಯಲ್ಲಿ ಎರಡೂ ಒಂದನ್ನೊಂದು ಮರೆಮಾಚುತ್ತವೆ. ನಲವತ್ತು ಗಜದಲ್ಲಿ ಮರೆಮಾಚುವುದಿಲ್ಲ.

ಬಾಣದ ಬಿಗಿತವನ್ನು ಅಳೆಯುವ ಕ್ರಮ ನಿಖರವಾದದ್ದು. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಬಾಣ ಮಲಗಿಸಿ, ನಡುವೆ 880 ಗ್ರಾಂ ತೂಗುಬಿಡುತ್ತಾರೆ. 0.340 ಇಂಚು ಬಾಗಿದರೆ ಅದು 340 ನಂಬರಿನ ಬಾಣ, ಅರ್ಧ ಇಂಚು ಬಾಗಿದರೆ 500. ನಂಬರು ಹೆಚ್ಚಿದಷ್ಟೂ ಬಾಣ ಮೆದು. ಈ ಅಂಕಿ ನಿಂತ ಬಾಣದ್ದು. ಹೆದೆ ತಳ್ಳಿದಾಗ ಬಾಣ ಎಷ್ಟು ಬಾಗುತ್ತದೆ ಎಂಬುದು ಅದರ ಉದ್ದ, ಬಿಲ್ಲಿನ ಬಲ, ಮೊನೆಯ ತೂಕ ಎಲ್ಲವನ್ನೂ ಅವಲಂಬಿಸಿದೆ. 100 ಗ್ರೇನಿನ, ಅಂದರೆ ಸುಮಾರು ಆರೂವರೆ ಗ್ರಾಮಿನ ಮೊನೆ ತೆಗೆದು 150 ಗ್ರೇನಿನದನ್ನು ಹಾಕಿದರೆ ಅದೇ ಬಾಣ ಮೆದುವಾದಂತೆ ವರ್ತಿಸುತ್ತದೆ. ಬೇಸಿಗೆಯಲ್ಲಿ ಒಂದು ಮೊನೆಗೆ ಕಾಗದ ಪರೀಕ್ಷೆ ಮುಗಿಸಿ, ಬೇಟೆಯ ಋತುವಿಗೆ ಇನ್ನೊಂದು ಮೊನೆ ಸಿಕ್ಕಿಸುವವರು ಹಳೆಯ ತೂತನ್ನು ನೆಚ್ಚಿಕೊಂಡು ಹೊಸ ಬಾಣ ಹಾರಿಸುತ್ತಿರುತ್ತಾರೆ.

ಕಾಗದ ಹೇಳದೆ ಬಿಟ್ಟದ್ದನ್ನು ಎರಡು ಪರೀಕ್ಷೆಗಳು ಹೇಳುತ್ತವೆ. ಮೊದಲನೆಯದು ಗರಿಯಿಲ್ಲದ ಬಾಣ. ಗರಿ ಹಾರಾಟದ ತಪ್ಪನ್ನು ತಿದ್ದುತ್ತ ಹೋಗುತ್ತದೆ. ಅದಿಲ್ಲದ ಬಾಣಕ್ಕೆ ತಿದ್ದುವವರಿಲ್ಲ, ಆದ್ದರಿಂದ ಬಿಲ್ಲಿನ ಸೊಟ್ಟ ಇದ್ದಂತೆಯೇ ಕಾಣುತ್ತದೆ. 20 ಗಜದಲ್ಲಿ ಗರಿಯಿದ್ದದ್ದೂ ಇಲ್ಲದ್ದೂ ಒಂದೇ ಕಡೆ, ಒಂದೇ ಕೋನದಲ್ಲಿ ನಾಟಿದರೆ ಬಿಲ್ಲು ಬಹುತೇಕ ಸರಿಯಿದೆ. ಎರಡನೆಯದು ಅಲಗಿನ ಮೊನೆ, ಬ್ರಾಡ್‌ಹೆಡ್. ಅದರ ಅಲಗುಗಳು ಬಾಣದ ಮುಂದೆ ಕೂತ ರೆಕ್ಕೆಗಳು. ಬಾಣ ತುಸು ಓರೆಯಾದರೂ ಗಾಳಿ ಆ ರೆಕ್ಕೆಗಳನ್ನು ಹಿಡಿದು ಬಾಣವನ್ನು ಬೇರೆಡೆ ಒಯ್ಯುತ್ತದೆ. ಮೂವತ್ತು, ನಲವತ್ತು ಗಜದಲ್ಲಿ ಅಭ್ಯಾಸದ ಮೊನೆಯನ್ನೂ ಅಲಗಿನ ಮೊನೆಯನ್ನೂ ಒಂದರ ಹಿಂದೊಂದು ಬಿಡಬೇಕು. ಅಲಗಿನವು ಕೆಳಗೆ ಬಿದ್ದರೆ ರೆಸ್ಟು ಮೇಲಕ್ಕೆ, ಎಡಕ್ಕೆ ಬಿದ್ದರೆ ಬಲಕ್ಕೆ, ಒಂದು ಸಲಕ್ಕೆ ಇಂಚಿನ 32ನೇ ಒಂದು ಭಾಗದಷ್ಟು ಸಾಕು. ಎರಡೂ ಗುಂಪು ಒಂದಾಗುವವರೆಗೆ ಕೆಲಸ ಮುಗಿದಿಲ್ಲ. ಗರಿಯಿಲ್ಲದ ಬಾಣಕ್ಕೆ ಅಲಗು ಸಿಕ್ಕಿಸಿ ಮಾತ್ರ ಎಂದೂ ಬಿಡಬಾರದು, ಅದು ಎತ್ತ ತಿರುಗುತ್ತದೆಂದು ಹೇಳಲಾಗದು.

ಹೀಗಿದ್ದೂ ಕಾಗದಕ್ಕೇ ಏಕೆ ಇಷ್ಟು ಮನ್ನಣೆ? ಕಾರಣ ಬಹುಪಾಲು ಜಾಗದ್ದು. ಅಂಗಡಿಗಳ ಒಳಾಂಗಣ ಸಾಮಾನ್ಯವಾಗಿ 20 ಗಜ. ಅಲಗಿನ ಮೊನೆ ಗುರಿಹಲಗೆಯನ್ನು ಕತ್ತರಿಸಿ ಹಾಕುವುದರಿಂದ ಅಲ್ಲಿ ಅದಕ್ಕೆ ಹೆಚ್ಚಾಗಿ ಅನುಮತಿ ಇರುವುದಿಲ್ಲ. ಇನ್ನೊಂದು ಕಾರಣ ಮಡಚುವ ಅಲಗಿನ ಮೊನೆ. ಹಾರುವಾಗ ಅಲಗು ಒಳಗಿರುತ್ತದೆ, ತಾಗಿದಾಗ ತೆರೆದುಕೊಳ್ಳುತ್ತದೆ. ಅದು ಅಭ್ಯಾಸದ ಮೊನೆಯ ಹತ್ತಿರವೇ ಬೀಳುವುದರಿಂದ ಟ್ಯೂನಿಂಗಿನ ಗೋಜೇ ಬೇಡ ಎಂಬ ಭಾವನೆ ಬೆಳೆದಿದೆ. ಈ ಭಾವನೆ ಅಪಾಯಕಾರಿ. ಬಾಣ ಸರಿಯಾದ ಕಡೆ ಬಿದ್ದರೂ ಓರೆಯಾಗಿ ಬಿದ್ದರೆ ಅದರ ಹಿಂದಿನ ಬಲ ಮೊನೆಯ ನೇರಕ್ಕೆ ಇರುವುದಿಲ್ಲ. ದೇಹದೊಳಕ್ಕೆ ಹೋಗಬೇಕಾದ ಶಕ್ತಿ ಬಾಣವನ್ನು ಬಾಗಿಸುವುದರಲ್ಲಿ ಕಳೆದುಹೋಗುತ್ತದೆ. ಜಿಂಕೆ ಗಾಯಗೊಂಡು ಓಡಿ, ಸಿಗದೆ ಎಲ್ಲೋ ನರಳುವ ಪ್ರಸಂಗಗಳಿಗೆ ಇದೂ ಒಂದು ದಾರಿ. ಸೆಕೆಂಡಿಗೆ 270 ಅಡಿ ವೇಗದ ಬಾಣ 30 ಗಜ ತಲುಪಲು ಮೂರನೇ ಒಂದು ಸೆಕೆಂಡು ಬೇಕು. ಹೆದೆಯ ಸದ್ದು ಅದಕ್ಕಿಂತ ಕಾಲು ಸೆಕೆಂಡು ಮೊದಲೇ ಜಿಂಕೆಯ ಕಿವಿಗೆ ಮುಟ್ಟಿರುತ್ತದೆ, ಅದು ಆಗಲೇ ಬೆಚ್ಚಿ ಕುಗ್ಗಿರಬಹುದು. ಬೇಟೆಗಾರರ ಹಿಡಿತಕ್ಕೆ ಸಿಗದ ಈ ಅನಿಶ್ಚಿತತೆಯ ಮೇಲೆ, ಹಿಡಿತದಲ್ಲೇ ಇರುವ ಒಂದನ್ನು ಕೈಬಿಡುವುದು ಸಲ್ಲದು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಇಂಥ ಬೇಟೆಗೆ ಅವಕಾಶವಿಲ್ಲ, ಇರಬಾರದು ಕೂಡ. ಕಾಂಪೌಂಡ್ ಬಿಲ್ಲು ಇಲ್ಲಿ ಕ್ರೀಡೆಯ ಸಾಧನ. 2023ರ ಬರ್ಲಿನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದಿತಿ ಸ್ವಾಮಿ, ಓಜಸ್ ದೇವತಳೆ ವೈಯಕ್ತಿಕ ಚಿನ್ನ ಗೆದ್ದದ್ದು ಈ ಬಿಲ್ಲಿನಲ್ಲೇ. ಆ ಆಟದಲ್ಲಿ 50 ಮೀಟರ್ ದೂರದ ಹತ್ತು ಅಂಕದ ವೃತ್ತ ಎಂಟು ಸೆಂಟಿಮೀಟರ್ ಅಗಲದ್ದು. ಬಿಲ್ಲು ಸರಿಯಿದೆಯೇ ಎಂದು ಅಲ್ಲಿ ಹೇಳುವುದು ಆ ದೂರದಲ್ಲಿ ಬಾಣಗಳು ಎಷ್ಟು ಒತ್ತಾಗಿ ಕೂರುತ್ತವೆ ಎಂಬುದು.

ಅಮೆರಿಕದ ಅಂಗಡಿಗಳು ಕಾಗದದ ಚೌಕಟ್ಟನ್ನು ತೆಗೆಯಬೇಕಾಗಿಲ್ಲ, ಅದರ ಸ್ಥಾನ ಬದಲಾಯಿಸಿದರೆ ಸಾಕು. ಮೊದಲು ಕ್ಯಾಮ್‌ಗಳ ಹೊಂದಾಣಿಕೆ, ಆಮೇಲೆ ಬಾಣದ ಆಯ್ಕೆ, ಬಳಿಕ ಕಾಗದ. ಕೊಡುವಾಗ ಗಿರಾಕಿಗೆ, ಬೇಟೆಗೆ ಬಳಸುವ ಅದೇ ಅಲಗು ಹಾಕಿ ಬಯಲಿನಲ್ಲಿ 40 ಗಜಕ್ಕೆ ಹೊಡೆದು ನೋಡಿ, ಗುಂಪು ಕೂಡದಿದ್ದರೆ ಬಿಲ್ಲನ್ನು ಮರಳಿ ತನ್ನಿ ಎಂದು ಹೇಳಿ ಕಳುಹಿಸಬೇಕು. ಹೆದೆ, ಕೇಬಲ್ ಹೊಸದಾಗಿ ಹಾಕಿಸಿದವರಿಗೂ ಅದನ್ನೇ ಹೇಳಬೇಕು, ಏಕೆಂದರೆ ಹೊಸ ಎಳೆ ಹಿಗ್ಗಿ ನೆಲೆಗೊಳ್ಳುವಷ್ಟರಲ್ಲಿ ಕ್ಯಾಮ್‌ಗಳ ಹೊಂದಾಣಿಕೆ ಮತ್ತೆ ಕದಲಿರುತ್ತದೆ.