ನಾಲ್ಕು ಅಂಗಳಗಳು

ಅದೇ ಚೆಂಡು, ಅದೇ ಬಲೆ. ಮೆಲ್ಬೋರ್ನ್ ಆದರೇನು, ಪ್ಯಾರಿಸ್ ಆದರೇನು ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಕೇಳುವವರಿದ್ದಾರೆ. ಅಕ್ಕಿ ಒಂದೇ ಆದರೂ ನಾಲ್ಕು ಮನೆಯ ಅನ್ನ ಒಂದೇ ಹದಕ್ಕೆ ಬರುವುದುಂಟೆ? ಟೆನಿಸ್ಸಿನ ನಾಲ್ಕು ದೊಡ್ಡ ಪಂದ್ಯಾವಳಿಗಳ ಹದವೂ ಬೇರೆ ಬೇರೆಯೇ. ಅದರಲ್ಲಿ ಒಂದಿಷ್ಟು ನೆಲದ ಗುಣ, ಒಂದಿಷ್ಟು ಮನೆಯವರ ಸ್ವಭಾವ. ನೆಲದ ಗುಣವನ್ನು ನಾನು ಮೆಚ್ಚುತ್ತೇನೆ. ಮನೆಯವರ ಸ್ವಭಾವದ ಬಗ್ಗೆ ಮಾತ್ರ ನನ್ನದೊಂದು ತಕರಾರಿದೆ.

ನೆಲದ ಗುಣ ಅಂದರೆ ಪ್ಯಾರಿಸ್ಸಿನ ರೋಲಾಂಡ್ ಗ್ಯಾರೋಸ್. ಕೆಂಪು ಮಣ್ಣು ಎನ್ನುತ್ತಾರಾದರೂ ಅದು ಇಟ್ಟಿಗೆಯ ಪುಡಿ. ಸುಣ್ಣಕಲ್ಲಿನ ಹಾಸಿನ ಮೇಲೆ ತೆಳ್ಳಗೆ ಉದುರಿಸಿರುತ್ತಾರೆ. ಚೆಂಡು ಅಲ್ಲಿ ವೇಗ ಕಳೆದುಕೊಂಡು ಎತ್ತರಕ್ಕೆ ಪುಟಿಯುತ್ತದೆ. ಒಂದೇ ಏಟಿಗೆ ಮುಗಿಸುವ ಆತುರಗಾರರ ಆಟ ನಡೆಯುವುದು ಕಷ್ಟ. ವಿಂಬಲ್ಡನ್ನನ್ನು ಏಳು ಸಲ ಗೆದ್ದ ಪೀಟ್ ಸಾಂಪ್ರಾಸ್ ಇಲ್ಲಿ ಒಮ್ಮೆಯೂ ಗೆಲ್ಲಲಿಲ್ಲ. ತಾಳ್ಮೆಯ ಕ್ರಿಸ್ ಎವರ್ಟ್ ಏಳು ಸಲ ಗೆದ್ದರು. ನಡಾಲ್ ಅಂತೂ ಹದಿನಾಲ್ಕು ಸಲ! ಚೆಂಡು ಬಿದ್ದಲ್ಲಿ ಗುರುತು ಉಳಿಯುತ್ತದೆ. ಅಂಪೈರ್ ಕುರ್ಚಿಯಿಂದ ಇಳಿದು, ಬಗ್ಗಿ, ಆ ಗುರುತು ನೋಡಿ ತೀರ್ಪು ಕೊಡುವುದನ್ನು ಕಾಣುವುದೇ ನನಗೊಂದು ಸಂತೋಷ. ಉಳಿದ ಮೂರೂ ಕಡೆ 2025ರ ಹೊತ್ತಿಗೆ ಗೆರೆ ಕಾಯುವ ಕೆಲಸ ಯಂತ್ರದ ಪಾಲಾಗಿತ್ತು.

ಆಸ್ಟ್ರೇಲಿಯಾದ್ದು ಜನವರಿಯ ಸುಡುಬಿಸಿಲಿನ ಆಟ. 1988ರಲ್ಲಿ ಹುಲ್ಲು ಬಿಟ್ಟು ಗಟ್ಟಿ ನೆಲಕ್ಕೆ ಬಂದರು. ಬೇಕೆಂದಾಗ ಮುಚ್ಚುವ ಚಾವಣಿಯನ್ನೂ ಕಟ್ಟಿದರು. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ, ನಲವತ್ತಮೂರರ ವಯಸ್ಸಿನಲ್ಲಿ, ಪುರುಷರ ಡಬಲ್ಸ್ ಗೆದ್ದದ್ದು ಅಲ್ಲೇ. ಮಂಡಿನೋವಿನ ನಮ್ಮಂಥವರಿಗೆ ಅದೊಂದು ಸಮಾಧಾನ.

ನ್ಯೂಯಾರ್ಕಿನದು ಸಂತೆಯ ಗದ್ದಲ. ರಾತ್ರಿ ದೀಪದ ಬೆಳಕಿನಲ್ಲಿ ಆಟ, ಆಟದ ನಡುವೆ ಸಂಗೀತ, ಕೂಗಾಟ. ನೆಲದ ವಿಷಯದಲ್ಲೂ ಹಟವಿಲ್ಲ: 1974ರವರೆಗೆ ಹುಲ್ಲು, ಮೂರು ವರ್ಷ ಮಣ್ಣು, 1978ರಿಂದ ಗಟ್ಟಿ ನೆಲ. ಸಂಪ್ರದಾಯಸ್ಥರು ಮೂಗು ಮುರಿಯುವುದು ಇದಕ್ಕೇ. ಆದರೆ ಇದನ್ನೂ ನೋಡಿ. 1972ರಲ್ಲಿ ಅಲ್ಲಿ ಗೆದ್ದ ಬಿಲ್ಲಿ ಜೀನ್ ಕಿಂಗ್ ಅವರಿಗೆ ಸಿಕ್ಕಿದ್ದು 10,000 ಡಾಲರ್. ಪುರುಷರಲ್ಲಿ ಗೆದ್ದ ನಸ್ಟಾಸೆಗೆ 25,000. ಹೀಗೇ ಆದರೆ ಮುಂದಿನ ವರ್ಷ ನಾನು ಬರುವುದಿಲ್ಲ ಎಂದರು ಆಕೆ. 1973ರಲ್ಲಿ ಇಬ್ಬರಿಗೂ ಸಮನಾಗಿ ಕೊಟ್ಟರು.

ಇನ್ನು ವಿಂಬಲ್ಡನ್. 1877ರಷ್ಟು ಹಳೆಯ ಮನೆತನ. ಹೆಂಗಸರ ಆಟ ಶುರುವಾದದ್ದು 1884ರಲ್ಲಿ. ಎಂಟು ಮಿಲಿಮೀಟರಿಗೆ ಕತ್ತರಿಸಿದ ಹುಲ್ಲು, ಅದರ ಮೇಲೆ ಜಾರಿದಂತೆ ಬರುವ ಚೆಂಡು, ಸ್ಟ್ರಾಬೆರಿ, ಕೆನೆ: ಎಲ್ಲವೂ ಚೆಂದವೇ. ಆದರೆ ಸಮಾನ ಬಹುಮಾನಕ್ಕೆ ಒಪ್ಪಿದ್ದು 2007ರಲ್ಲಿ. ನ್ಯೂಯಾರ್ಕ್ ಒಪ್ಪಿ ಮೂವತ್ತನಾಲ್ಕು ವರ್ಷವಾಗಿತ್ತು! 2006ರಲ್ಲಿ ಫೆಡರರ್‌ಗೆ 6,55,000 ಪೌಂಡ್, ಮೌರೆಸ್ಮೋಗೆ 6,25,000. ಆ ಮೂವತ್ತು ಸಾವಿರ ಉಳಿಸಿದರೆ ಕ್ಲಬ್ಬಿನ ಬೊಕ್ಕಸ ತುಂಬುತ್ತಿತ್ತೆ? ಹೆಂಗಸು ಒಂದು ಮೆಟ್ಟಿಲು ಕೆಳಗಿರಲಿ ಎಂಬ ಲೆಕ್ಕ ಅದು. ಗಂಡಸರು ಐದು ಸೆಟ್ ಆಡುತ್ತಾರೆ, ಹೆಂಗಸರು ಮೂರೇ ಎಂಬ ವಾದವಿತ್ತು. ನ್ಯೂಯಾರ್ಕಿನಲ್ಲೂ ಹೆಂಗಸರು ಆಡುತ್ತಿದ್ದದ್ದು ಅಷ್ಟೇ ಅಲ್ಲವೇ? 2005ರಲ್ಲಿ ತನ್ನ ಫೈನಲ್‌ನ ಹಿಂದಿನ ದಿನ ಅಧಿಕಾರಿಗಳ ಮುಂದೆ ಹೋಗಿ ವಾದಿಸಿದ್ದ ವೀನಸ್ ವಿಲಿಯಮ್ಸ್ ಅವರೇ 2007ರಲ್ಲಿ ಗೆದ್ದು ಆ ಸಮಾನ ಹಣವನ್ನು ಪಡೆದರು.

ಗೆದ್ದವರ ಹೆಸರಿನ ಹಲಗೆಯ ಕತೆಯೂ ಇಂಥದ್ದೇ. ಬಿಲ್ಲಿ ಜೀನ್ ಅಲ್ಲಿ ‘ಮಿಸೆಸ್ ಎಲ್. ಡಬ್ಲ್ಯೂ. ಕಿಂಗ್’. ಅವು ಗಂಡನ ಇನಿಷಿಯಲ್‌ಗಳು! ಮದುವೆಯಾದ ಮೇಲೆ ಇನಿಷಿಯಲ್ ಬದಲಾಗುವುದು ನಮಗೇನೂ ಹೊಸದಲ್ಲ, ಆದರೆ ಇಲ್ಲಿ ಹೆಸರೇ ಮಾಯ. ಓಡಿದವಳು, ಬೆವರಿದವಳು, ಗೆದ್ದವಳು ಆಕೆ. ಗಂಡಸರ ಹೆಸರಿಗೆ ಮಿಸ್ಟರ್ ಇರಲಿಲ್ಲ. ಮಿಸ್, ಮಿಸೆಸ್‌ಗಳನ್ನು ಹಲಗೆಯಿಂದ ತೆಗೆದದ್ದು 2022ರಲ್ಲಿ.

ಕೊನೆಗೆ ಬಿಳಿ ಬಟ್ಟೆ. ನೋಡಲು ಅದೇನೋ ಹಂಸದ ಹಾಗೆ. ಆದರೆ ಶನಿವಾರದ ಬಿಳಿ ಸಮವಸ್ತ್ರಕ್ಕೆ ಹೆದರಿ, ಹೊಟ್ಟೆನೋವೆಂದು ತಿಂಗಳಿಗೊಮ್ಮೆ ಗೈರುಹಾಜರಾಗುವ ಹುಡುಗಿಯರ ಹಾಜರಿ ಕರೆದ ಯಾವ ಮೇಡಂಗೂ ಆ ಬಿಳುಪಿನ ಇನ್ನೊಂದು ಮುಖ ಗೊತ್ತು. ಸಾವಿರಾರು ಜನರೆದುರು, ಟೀವಿ ಕ್ಯಾಮೆರಾಗಳೆದುರು ಓಡಬೇಕಾದವರಿಗೆ ಹೇಗಿರಬೇಡ? ಆಟಗಾರ್ತಿಯರು ಬಾಯಿಬಿಟ್ಟು ಹೇಳಿದ ಮೇಲೆ, 2023ರಿಂದ ಒಳಗೆ ಗಾಢ ಬಣ್ಣದ ಚಡ್ಡಿ ತೊಡಲು ಒಪ್ಪಿಗೆ ಸಿಕ್ಕಿತು. ಅದು ಲಂಗಕ್ಕಿಂತ ಉದ್ದವಿರಬಾರದೆಂಬ ಷರತ್ತಿದೆ. ಲಂಗ ಬಿಳಿಯೇ.