ಯಳಂದೂರಿನ ಕಡೆಯಿಂದ ಕಂಡ ಅಲ್ಟ್ರಾಸೌಂಡ್ ಚಿಕಿತ್ಸೆ

ತಲೆಬುರುಡೆಯನ್ನು ತೆರೆಯದೆ, ಮೆದುಳಿನ ಆಳದಲ್ಲಿರುವ ಕೆಲವೇ ಮಿಲಿಮೀಟರ್ ಅಗಲದ ಜಾಗವೊಂದನ್ನು ಶ್ರವಣಾತೀತ ಧ್ವನಿಯಿಂದ ಕಾಯಿಸಿ, ಸುಟ್ಟು, ಕೈನಡುಕವನ್ನು ನಿಲ್ಲಿಸುವ ಚಿಕಿತ್ಸೆಯ ಬಗ್ಗೆ ಕಳೆದ ಹತ್ತು ವರ್ಷಗಳಲ್ಲಿ ಬಂದ ಬರಹಗಳಲ್ಲಿ ಬೆರಗು ಹೆಚ್ಚು, ತೂಗಿ ನೋಡುವ ಗುಣ ಕಡಿಮೆ. ಕೇಂದ್ರೀಕೃತ ಅಲ್ಟ್ರಾಸೌಂಡ್ ಎಂಬ ಹೆಸರಿನ ಈ ವಿಧಾನವನ್ನು ಅದು ಬೆಳೆದ ದೊಡ್ಡ ಆಸ್ಪತ್ರೆಗಳ ಕಡೆಯಿಂದಲೇ ನೋಡುವುದು ರೂಢಿಯಾಗಿದೆ. ಅದನ್ನು ಚಾಮರಾಜನಗರ ಜಿಲ್ಲೆಯ ಕಡೆಯಿಂದ ನೋಡುವುದಕ್ಕೂ ಕಾರಣವಿದೆ. ಈ ಜಿಲ್ಲೆಯ ಪುಟ್ಟ ತಾಲ್ಲೂಕಾದ ಯಳಂದೂರು, ಜಗತ್ತಿನ ನರರೋಗ ಸಾಹಿತ್ಯದಲ್ಲಿ ತನ್ನ ಊರಿನ ಹೆಸರಿನಿಂದಲೇ ಗುರುತಿಸಿಕೊಳ್ಳುವ ಅಧ್ಯಯನವೊಂದಕ್ಕೆ ನೆಲೆಯಾಗಿತ್ತು. ಆ ಅಧ್ಯಯನ ಔಷಧಗಳಿಗೆ ಕೇಳಿದ ಪ್ರಶ್ನೆಗಳನ್ನು ಇಂದಿನ ಯಂತ್ರಕ್ಕೂ ಕೇಳಬೇಕಾಗಿದೆ.

ಮೊದಲು ಯಂತ್ರದ ಕೆಲಸವನ್ನು ತಿಳಿದುಕೊಳ್ಳಬೇಕು. ರೋಗಿಯ ತಲೆಯನ್ನು ಪೂರ್ತಿ ಬೋಳಿಸಿ, ಅಲುಗಾಡದಂತೆ ಲೋಹದ ಚೌಕಟ್ಟಿಗೆ ಬಿಗಿದು, ಧ್ವನಿ ಹೊಮ್ಮಿಸುವ 1,024 ಬಿಲ್ಲೆಗಳಿರುವ ಶಿರಸ್ತ್ರಾಣದಂಥ ಉಪಕರಣದೊಳಗೆ ಇರಿಸಲಾಗುತ್ತದೆ. ಒಂದೊಂದು ಬಿಲ್ಲೆಯಿಂದ ಹೊರಟ ಧ್ವನಿಕಿರಣವೂ ತಾನು ಹಾದುಹೋಗುವ ಜಾಗಕ್ಕೆ ಏನೂ ಮಾಡಲಾರದಷ್ಟು ದುರ್ಬಲವಾಗಿದ್ದು, ಎಲ್ಲವೂ ಸೇರುವ ಒಂದೇ ಬಿಂದುವಿನಲ್ಲಿ ಮಾತ್ರ ಶಾಖ ಹುಟ್ಟುತ್ತದೆ. ಆದರೆ ಬುರುಡೆಯ ಮೂಳೆ ಧ್ವನಿಯನ್ನು ಹೀರಿಕೊಂಡು ತಾನೇ ಕಾಯುವುದರಿಂದ, ತಲೆಯ ಸುತ್ತ ತಣ್ಣೀರು ಹರಿಯುತ್ತಲೇ ಇರಬೇಕು. ಈ ಮೂಳೆಯೇ ದಶಕಗಳ ಕಾಲ ದೊಡ್ಡ ಅಡ್ಡಿಯಾಗಿತ್ತು; 1950ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಫ್ರೈ ಮತ್ತು ಫ್ರಾನ್ಸಿಸ್ ಫ್ರೈ ಸೋದರರು ಇದೇ ಪ್ರಯತ್ನ ಮಾಡಿದಾಗ ಧ್ವನಿಗೆ ದಾರಿ ಬಿಡಲು ಬುರುಡೆಯ ಒಂದು ಭಾಗವನ್ನು ತೆಗೆಯಲೇಬೇಕಾಗಿತ್ತು. ಪ್ರತಿ ರೋಗಿಯ ಬುರುಡೆಯನ್ನೂ ಸಿ.ಟಿ. ಸ್ಕ್ಯಾನ್‌ನಲ್ಲಿ ಅಳೆದು, ಮೂಳೆಯ ದಪ್ಪ ಮತ್ತು ಸಾಂದ್ರತೆಗೆ ತಕ್ಕಂತೆ ಒಂದೊಂದು ಬಿಲ್ಲೆಯ ಅಲೆಯನ್ನೂ ಹಿಂದುಮುಂದು ಮಾಡುವ ಲೆಕ್ಕಾಚಾರ ಸಾಧ್ಯವಾದ ಮೇಲೆಯೇ ಈ ಅಡ್ಡಿ ನೀಗಿತು. ಹಾಗಿದ್ದೂ ಮೂಳೆಯ ರಚನೆ ಒಗ್ಗದ ಕೆಲವರಿಗೆ ಈ ಚಿಕಿತ್ಸೆ ಇಂದಿಗೂ ಸಲ್ಲದು.

ಈ ಚಿಕಿತ್ಸೆಯ ನಿಜವಾದ ಸಾಧನೆ ಧ್ವನಿಗಿಂತ ಹೆಚ್ಚಾಗಿ ಚಿತ್ರಣಕ್ಕೆ ಸೇರಿದ್ದು. ದೇಹದ ನೀರಿನಲ್ಲಿರುವ ಜಲಜನಕದ ಕಣಗಳು ಕಾಂತಕ್ಷೇತ್ರದಲ್ಲಿ ಕಂಪಿಸುವ ವೇಗ ಉಷ್ಣತೆಗೆ ಅನುಗುಣವಾಗಿ ಸ್ವಲ್ಪ ಬದಲಾಗುತ್ತದೆ, ಎಂ.ಆರ್.ಐ. ಯಂತ್ರ ಆ ಬದಲಾವಣೆಯನ್ನು ಹಿಡಿದು, ಮೆದುಳಿನೊಳಗಿನ ಉಷ್ಣತೆಯನ್ನು ಕೆಲವು ಸೆಕೆಂಡಿಗೊಮ್ಮೆ ಪರದೆಯ ಮೇಲೆ ತೋರಿಸುತ್ತದೆ. ಎಚ್ಚರವಾಗಿಯೇ ಇರುವ ರೋಗಿಯ ಮೆದುಳಿನ ಬಿಂದುವನ್ನು ಮೊದಲು 50 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೇ ಕಾಯಿಸಿದರೆ ಅಲ್ಲಿನ ನರಕೋಶಗಳು ತುಸು ಹೊತ್ತು ಮಂಕಾಗುತ್ತವೆ, ಸಾಯುವುದಿಲ್ಲ. ಆಗ ರೋಗಿಯ ಕೈಗೆ ಪೆನ್ನು ಕೊಟ್ಟು ಸುರುಳಿಯೊಂದನ್ನು ಬರೆಸುತ್ತಾರೆ, ನಾಲ್ಕು ಮಾತು ಆಡಿಸುತ್ತಾರೆ. ಗೆರೆ ನೆಟ್ಟಗಾಗಿ, ನಾಲಿಗೆ ತೊದಲದೆ, ತುಟಿ ಜೋಮು ಹಿಡಿಯದೆ ಇದ್ದರೆ ಮಾತ್ರ ಉಷ್ಣತೆಯನ್ನು 55ರಿಂದ 60 ಡಿಗ್ರಿಗೆ ಏರಿಸಿ ಆ ಜಾಗವನ್ನು ಕಾಯಮ್ಮಾಗಿ ಸುಡುತ್ತಾರೆ. ಸುಡುವ ಮೊದಲು ಪರೀಕ್ಷಿಸಿಕೊಳ್ಳುವ ಈ ಅವಕಾಶ ಕಡಿಮೆ ಮಾತಲ್ಲ.

ಪ್ರಚಾರದ ಬರಹಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿಯೊಂದು ಇಲ್ಲಿಯೇ ಇದೆ. ಕೈನಡುಕದ ಚಿಕಿತ್ಸೆಯಲ್ಲಿ ಗುರಿಯಾಗುವುದು ಥಲಾಮಸ್ ಎಂಬ ಭಾಗದ ಒಂದು ಉಪಕೇಂದ್ರ. ಅಂಗಾಂಗಗಳ ಚಲನೆಯನ್ನು ತಿದ್ದುವ ಸಂಕೇತಗಳು ಕಿರುಮೆದುಳಿನಿಂದ ಬಂದು ಅಲ್ಲಿ ಸೇರುತ್ತವೆ. ಸಾಮಾನ್ಯ ಎಂ.ಆರ್.ಐ. ಚಿತ್ರದಲ್ಲಿ ಈ ಉಪಕೇಂದ್ರದ ಅಂಚುಗಳು ಬೇರೆಯಾಗಿ ಕಾಣುವುದೇ ಇಲ್ಲ. ಕಾಣುವ ಬೇರೆ ಗುರುತುಗಳಿಂದ ಇಷ್ಟು ಮಿಲಿಮೀಟರ್ ಹಿಂದೆ, ಇಷ್ಟು ಪಕ್ಕಕ್ಕೆ ಎಂದು ನಕ್ಷೆಯ ಲೆಕ್ಕದಲ್ಲಿ ಅದನ್ನು ಊಹಿಸಲಾಗುತ್ತದೆ, ಇತ್ತೀಚೆಗೆ ನರತಂತುಗಳ ಜಾಡನ್ನು ತೋರಿಸುವ ಚಿತ್ರಣದ ನೆರವನ್ನೂ ಪಡೆಯಲಾಗುತ್ತದೆ. ಅಂದರೆ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವುದು ಶಾಖವೇ ಹೊರತು ಗುರಿಯಲ್ಲ. ಕೈನಡುಕದ ಅತಿ ಸಾಮಾನ್ಯ ಕಾರಣವಾದ ಎಸೆನ್ಷಿಯಲ್ ಟ್ರೆಮರ್ ಎಂಬ ಕಾಯಿಲೆಯೂ ರೂಢಿಯ ಸ್ಕ್ಯಾನಿನಲ್ಲಿ ಕಾಣದು. ವೈದ್ಯರು ಕೈಯನ್ನು ನೋಡಿ, ರೋಗಿಯ ಮಾತು ಕೇಳಿ ಅದನ್ನು ಗುರುತಿಸಬೇಕು. ಗುರಿ ಸರಿಯಾಗಿದೆಯೆ ಎಂಬುದನ್ನು ಕೊನೆಗೂ ತೀರ್ಮಾನಿಸುವುದು ರೋಗಿಯ ಕೈಯೇ.

ಪುರಾವೆಗಳ ವಿಷಯಕ್ಕೆ ಬಂದರೆ, 2016ರಲ್ಲಿ ಪ್ರಕಟವಾದ ಜೆಫ್ರಿ ಎಲಿಯಾಸ್ ಮತ್ತು ಸಂಗಡಿಗರ ಪರೀಕ್ಷೆ ಈ ಕ್ಷೇತ್ರದ ಆಧಾರಸ್ತಂಭ. ಔಷಧಕ್ಕೆ ಬಗ್ಗದ ನಡುಕವಿದ್ದ 76 ಜನರಲ್ಲಿ 56 ಮಂದಿಗೆ ನಿಜವಾದ ಚಿಕಿತ್ಸೆ ಕೊಟ್ಟು, ಉಳಿದ 20 ಮಂದಿಗೆ ಎಲ್ಲ ಸಿದ್ಧತೆಗಳನ್ನೂ ನಡೆಸಿ ಧ್ವನಿಯನ್ನು ಮಾತ್ರ ಹಾಯಿಸದೆ ಬಿಡಲಾಗಿತ್ತು. ಮೂರು ತಿಂಗಳಲ್ಲಿ ಚಿಕಿತ್ಸೆ ಪಡೆದವರ ಕೈನಡುಕದ ಅಂಕ ಶೇ. 47ರಷ್ಟು ಇಳಿಯಿತು, ಇನ್ನೊಂದು ಗುಂಪಿನಲ್ಲಿ ಹೆಚ್ಚುಕಡಿಮೆ ಬದಲಾಗಲೇ ಇಲ್ಲ. ಅದೇ ವರ್ಷ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅನುಮತಿ ನೀಡಿತು. ಇವು ಅಲ್ಲಗಳೆಯಲಾಗದ ಸಂಖ್ಯೆಗಳು. ಆದರೆ ಅದೇ ಪರೀಕ್ಷೆಯಲ್ಲಿ ಚಿಕಿತ್ಸೆ ಪಡೆದವರ ಪೈಕಿ ಶೇ. 36 ಮಂದಿಗೆ ನಡಿಗೆಯ ತೊಂದರೆ, ಶೇ. 38 ಮಂದಿಗೆ ಜೋಮು ಅಥವಾ ಸ್ಪರ್ಶದ ವ್ಯತ್ಯಾಸ ಕಾಣಿಸಿಕೊಂಡು, ವರ್ಷದ ನಂತರವೂ ಕ್ರಮವಾಗಿ ಶೇ. 9 ಮತ್ತು ಶೇ. 14 ಮಂದಿಯಲ್ಲಿ ಉಳಿದಿತ್ತು. ನಡುಕದ ಇಳಿಕೆಯೂ ಆ ಹೊತ್ತಿಗೆ ಶೇ. 40ಕ್ಕೆ ಬಂದಿತ್ತು. ಗಾಯವಿಲ್ಲದ ಶಸ್ತ್ರಚಿಕಿತ್ಸೆ ಎಂಬ ಬಣ್ಣನೆ ಚರ್ಮದ ಮಟ್ಟಿಗೆ ಸರಿ, ಮೆದುಳಿನ ಮಟ್ಟಿಗೆ ಸುಳ್ಳು. ಮೆದುಳಿನೊಳಗೆ ವಿದ್ಯುದಗ್ರವನ್ನು ಇರಿಸುವ ಹಳೆಯ ವಿಧಾನದಲ್ಲಿ ಬುರುಡೆಗೆ ರಂಧ್ರ ಕೊರೆಯಬೇಕಾದರೂ, ತೊಂದರೆಯಾದರೆ ವಿದ್ಯುತ್ತನ್ನು ತಗ್ಗಿಸುವ ಅಥವಾ ನಿಲ್ಲಿಸುವ ಸೌಲಭ್ಯವಿದೆ. ಸುಟ್ಟದ್ದನ್ನು ಮರಳಿ ಪಡೆಯುವ ದಾರಿಯಿಲ್ಲ. ಪಾರ್ಕಿನ್ಸನ್ ಕಾಯಿಲೆಯ ಕುರಿತ 2023ರ ಪರೀಕ್ಷೆಯಲ್ಲಿ ಚಿಕಿತ್ಸೆ ಪಡೆದವರಲ್ಲಿ ಶೇ. 69 ಮಂದಿಗೆ ಗುಣ ಕಂಡಿತಾದರೂ, ಬರಿಯ ನಟನೆಯ ಚಿಕಿತ್ಸೆ ಪಡೆದವರಲ್ಲೂ ಶೇ. 32 ಮಂದಿಗೆ ಗುಣ ಕಂಡಿತ್ತು ಎಂಬುದನ್ನು ಓದುಗರು ಪಕ್ಕದಲ್ಲೇ ಇಟ್ಟುಕೊಳ್ಳಬೇಕು. ಆಲ್ಝೈಮರ್ ಕಾಯಿಲೆಗೆ ಈ ಧ್ವನಿಯಿಂದ ರಕ್ತನಾಳಗಳ ತಡೆಗೋಡೆಯನ್ನು ತಾತ್ಕಾಲಿಕವಾಗಿ ಸಡಿಲಿಸಿ ಔಷಧ ಒಳಹೋಗಿಸುವ ಪ್ರಯತ್ನವೂ, ಮೂರ್ಛೆರೋಗಕ್ಕೆ ಇದನ್ನು ಬಳಸುವ ಪ್ರಯತ್ನವೂ ಇನ್ನೂ ಪ್ರಯೋಗದ ಮೆಟ್ಟಿಲಲ್ಲೇ ಇವೆ.

ಮೂರ್ಛೆರೋಗದ ಮಾತು ಬಂದಾಗ ಯಳಂದೂರಿಗೆ ಬರಬೇಕು. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ದಿನವೂ ಮೈಗೆ ಮಾತ್ರ ನೀರು ಹಾಕಿಕೊಂಡು, ಕೆಲವು ದಿನಗಳಿಗೊಮ್ಮೆ ತಲೆಗೆ ಸ್ನಾನ ಮಾಡುವುದು ವಾಡಿಕೆ. ಹಂಡೆಯಲ್ಲಿ ಕಾದ, 40ರಿಂದ 50 ಡಿಗ್ರಿಯಷ್ಟು ಬಿಸಿಯಾದ ನೀರನ್ನು ಚೊಂಬಿನಲ್ಲಿ ಮೊಗೆದು, ಬಿಡುವಿಲ್ಲದೆ ನೆತ್ತಿಯ ಮೇಲೆ ಸುರಿದುಕೊಳ್ಳುವಾಗ ಕೆಲವರ ಕಣ್ಣು ಒಂದೆಡೆ ನೆಟ್ಟು, ಮಾತು ಅಸಂಬದ್ಧವಾಗಿ, ಕೈ ಮಾತ್ರ ನೀರು ಹುಯ್ಯುವುದನ್ನು ನಿಲ್ಲಿಸದೆ ಇರುವುದುಂಟು. ಮನೆಯವರು ಬಚ್ಚಲಿಗೆ ನುಗ್ಗಿ ಚೊಂಬು ಕಿತ್ತುಕೊಳ್ಳಬೇಕಾಗುತ್ತದೆ. ವೈದ್ಯರು ಬಿಸಿನೀರಿನ ಮೂರ್ಛೆ ಎಂದು ಕರೆಯುವ ಈ ಕಾಯಿಲೆಯನ್ನು 1960ರ ದಶಕದ ಕೊನೆಯಲ್ಲಿ ಬೆಂಗಳೂರಿನ ನರರೋಗ ತಜ್ಞ ಕೆ.ಎಸ್. ಮಣಿ ಮತ್ತು ಸಂಗಡಿಗರು ವಿವರಿಸಿದರು. 1988ರಲ್ಲಿ ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವರದಿ ನೀಡಿದರು. ಯಳಂದೂರಿನ ಮನೆಮನೆ ಸಮೀಕ್ಷೆಯಲ್ಲಿ ಇದರ ಪ್ರಮಾಣ ಲಕ್ಷಕ್ಕೆ 250ನ್ನೂ ಮೀರಿತ್ತು. ಬೆಂಗಳೂರಿನ ಸುತ್ತ ನಡೆದ ಸಮೀಕ್ಷೆಯಲ್ಲಿ ಸಿಕ್ಕಿದ್ದು ಲಕ್ಷಕ್ಕೆ 60.

ಈ ಕಾಯಿಲೆಯ ಚಿತ್ರಣವೂ ನಡೆದಿದೆ. ರಕ್ತ ಹೆಚ್ಚು ಹರಿಯುವ ಜಾಗಗಳನ್ನು ಅಲ್ಪ ವಿಕಿರಣದ ದ್ರವ್ಯದ ಮೂಲಕ ತೋರಿಸುವ ಸ್ಪೆಕ್ಟ್ ಎಂಬ ವಿಧಾನದಿಂದ, ಸೆಳವಿನ ಹೊತ್ತಿನಲ್ಲಿ ಮೆದುಳಿನ ಪಕ್ಕದ ಭಾಗವಾದ ಕಪೋಲಪಾಲಿಯ ಒಳಭಾಗವೂ ದೇಹದ ಉಷ್ಣತೆಯನ್ನು ಕಾಯುವ ಹೈಪೋಥಲಾಮಸ್ಸೂ ಚುರುಕಾಗುವುದನ್ನು ನಿಮ್ಹಾನ್ಸ್ ತಂಡ 2001ರಲ್ಲಿ ತೋರಿಸಿತು. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಂಡ ಕೆಲವು ಕುಟುಂಬಗಳಲ್ಲಿ ಇದರ ಜಾಡನ್ನು 10ನೆಯ ಮತ್ತು 4ನೆಯ ವರ್ಣತಂತುಗಳವರೆಗೆ ಹಿಂಬಾಲಿಸಿತು. ಇವು ಒಳ್ಳೆಯ ವಿಜ್ಞಾನ, ಸಂದೇಹವಿಲ್ಲ. ಆದರೆ ರೋಗಿಗೆ ಒದಗುವ ಉಪಾಯ ಚಿತ್ರಣದಿಂದ ಹುಟ್ಟಿದ್ದಲ್ಲ: ನೀರಿನ ಬಿಸಿ ಇಳಿಸಿ, ನಿಧಾನವಾಗಿ ಹಾಕಿಕೊಂಡರೆ ಬಹುಮಂದಿಗೆ ಸೆಳವು ಬರುವುದಿಲ್ಲ, ಅಷ್ಟಕ್ಕೂ ನಿಲ್ಲದವರಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಝಾಮ್ ಎಂಬ ಮಾತ್ರೆ ಕೊಡುವ ಕ್ರಮವಿದೆ. ಮೆದುಳಿನೊಳಗಿನ ಶಾಖವನ್ನು ಅಳೆಯಬಲ್ಲ ಯಂತ್ರವೂ, ನೆತ್ತಿಯ ಮೇಲಿನ ಶಾಖ ತಾಳದ ಮೆದುಳೂ ಒಂದೇ ಶಾಸ್ತ್ರದ ವಿಷಯಗಳಾಗಿ ಇನ್ನೂ ಪರಸ್ಪರ ಮುಖಾಮುಖಿಯಾಗಿಲ್ಲ ಎಂಬುದು ಕುತೂಹಲದ ಸಂಗತಿ.

ಯಳಂದೂರು ಅಧ್ಯಯನ ಬಿಸಿನೀರಿನ ಮೂರ್ಛೆಗಷ್ಟೇ ಸೀಮಿತವಾಗಿರಲಿಲ್ಲ. ತಾಲ್ಲೂಕು ಇನ್ನೂ ಮೈಸೂರು ಜಿಲ್ಲೆಗೆ ಸೇರಿದ್ದ 1990ರ ದಶಕದಲ್ಲಿ ಮಣಿ, ಜಿ. ರಂಗನ್, ಎಚ್.ವಿ. ಶ್ರೀನಿವಾಸ್ ಮೊದಲಾದವರ ತಂಡ ಸುಮಾರು 65 ಸಾವಿರ ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿ, ಸಾವಿರಕ್ಕೆ ನಾಲ್ಕರಿಂದ ಐದು ಮಂದಿಗೆ ಮೂರ್ಛೆರೋಗವಿರುವುದನ್ನು ಕಂಡುಕೊಂಡಿತು. ಅವರಲ್ಲಿ 135 ರೋಗಿಗಳಿಗೆ ಫಿನೋಬಾರ್ಬಿಟಾಲ್ ಅಥವಾ ಫಿನೈಟಾಯಿನ್ ಕೊಟ್ಟು ವರ್ಷಗಟ್ಟಲೆ ಅನುಸರಿಸಿದ ಫಲಿತಾಂಶ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೊದಲನೆಯದು 1912ರಿಂದ, ಎರಡನೆಯದು 1938ರಿಂದ ಬಳಕೆಯಲ್ಲಿರುವ ಅಗ್ಗದ ಮಾತ್ರೆ. ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಸೆಳವು ದೀರ್ಘಕಾಲ ನಿಂತಿತು, ಚಿಕಿತ್ಸೆಗೆ ಮೊದಲು ಬಂದ ಸೆಳವುಗಳ ಸಂಖ್ಯೆ ಕಡಿಮೆ ಇದ್ದವರಿಗೆ ಫಲ ಹೆಚ್ಚಾಗಿ ಸಿಕ್ಕಿತು. ಇಂಥ ಸಮೀಕ್ಷೆಗಳಿಗೂ ಮಿತಿಯಿದೆ. ಮದುವೆಯ ವಯಸ್ಸಿನ ಮಗಳಿರುವ ಮನೆಯಲ್ಲಿ ಫಿಟ್ಸ್ ಬರುತ್ತದೆಂದು ಅಪರಿಚಿತರ ಮುಂದೆ ಹೇಳುವವರು ವಿರಳ. ಕೇಳಿ ಬರೆದುಕೊಂಡ ಲಕ್ಷಣ ರೋಗದ ಮೂಲವನ್ನು ತಿಳಿಸುವುದೂ ಇಲ್ಲ.

ಮೂಲವನ್ನು ತಿಳಿಸಲು ಚಿತ್ರಣ ಬೇಕು ಎಂಬುದು ಒಪ್ಪತಕ್ಕ ಮಾತು, ಆದರೆ ಚಿತ್ರವೂ ತಪ್ಪು ಹೇಳಬಲ್ಲದು. ಸಿ.ಟಿ. ಸ್ಕ್ಯಾನ್ ಭಾರತಕ್ಕೆ ಬಂದ ಆರಂಭದ ವರ್ಷಗಳಲ್ಲಿ ಸೆಳವು ಬಂದವರ ಮೆದುಳಿನಲ್ಲಿ ಕಾಣುತ್ತಿದ್ದ ಒಂಟಿ ಉಂಗುರದಂಥ ಗಂಟನ್ನು ಕ್ಷಯದ ಗಂಟೆಂದು ಬಗೆದು ಎಷ್ಟೋ ಮಂದಿಗೆ ತಿಂಗಳುಗಟ್ಟಲೆ ಕ್ಷಯದ ಔಷಧ ಕೊಡಲಾಯಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮೊದಲಾದವರು ಅಂಥ ಗಂಟುಗಳನ್ನು ಹೊರತೆಗೆದು ಪರೀಕ್ಷಿಸಿ, ಅವುಗಳಲ್ಲಿ ಬಹುಪಾಲು ಲಾಡಿಹುಳುವಿನ ಮರಿಕೋಶದಿಂದ ಆದವೆಂದೂ ಹಲವು ತಾವಾಗಿಯೇ ಕರಗುವಂಥವೆಂದೂ 1990ರ ಆಸುಪಾಸಿನಲ್ಲಿ ತೋರಿಸುವವರೆಗೆ ಆ ನಂಬಿಕೆ ನಡೆದುಕೊಂಡು ಬಂದಿತ್ತು. ಮೆದುಳಿನ ಚಟುವಟಿಕೆಯನ್ನು ಬಣ್ಣಗಳಲ್ಲಿ ತೋರಿಸುವ ಕಾರ್ಯಾತ್ಮಕ ಎಂ.ಆರ್.ಐ. ವಿಷಯದಲ್ಲೂ 2016ರಲ್ಲಿ ಆಂಡರ್ಸ್ ಎಕ್ಲುಂಡ್ ಮತ್ತು ಸಂಗಡಿಗರು, ಜನಪ್ರಿಯ ಲೆಕ್ಕಾಚಾರದ ಕೆಲವು ಪದ್ಧತಿಗಳು ಇಲ್ಲದ ಚಟುವಟಿಕೆಯನ್ನು ಇದೆಯೆಂದು ತೋರಿಸುವ ಸಾಧ್ಯತೆ ನಂಬಿದ್ದಕ್ಕಿಂತ ಬಹಳ ಹೆಚ್ಚು ಎಂದು ಎಚ್ಚರಿಸಿದರು.

ಈ ಹಿನ್ನೆಲೆಯಲ್ಲಿ ಇದೇ ಜಿಲ್ಲೆಯ ಗುಂಡ್ಲುಪೇಟೆಯ ನಡುಗುವ ಕೈಯೊಂದಕ್ಕೆ ಯಂತ್ರದಿಂದ ಎಷ್ಟು ಉಪಯೋಗ ಎಂಬುದನ್ನು ಅಳೆಯಬಹುದು. ನೆರೆಯ ಕೊಯಮತ್ತೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಈ ಚಿಕಿತ್ಸೆ ದೊರೆಯುತ್ತಿರುವುದರಿಂದ ದೂರ ದೊಡ್ಡ ಅಡ್ಡಿಯಲ್ಲ. ಅಲ್ಲಿಗೆ ಹೋಗುವ ದಾರಿಯ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದ್ದರೂ, ಮೊದಲೇ ದಿನ ಗೊತ್ತುಮಾಡಿ ನಡೆಸುವ ಚಿಕಿತ್ಸೆಗೆ ಅದು ತೊಡಕಾಗದು. ಅಡ್ಡಿಯಿರುವುದು ಅದಕ್ಕಿಂತ ಹಿಂದಿನ ಮೆಟ್ಟಿಲುಗಳಲ್ಲಿ. ನಡುಕ ಥೈರಾಯ್ಡಿನಿಂದ ಬಂದದ್ದೋ, ಕುಡಿತದಿಂದಲೋ, ಆಸ್ತಮಾದ ಮಾತ್ರೆಯಿಂದಲೋ, ಪಾರ್ಕಿನ್ಸನ್ನಿನಿಂದಲೋ ಎಂದು ಬೇರ್ಪಡಿಸುವ ವೈದ್ಯರ ಎದುರು ರೋಗಿ ಕುಳಿತುಕೊಳ್ಳಬೇಕು. ಎಸೆನ್ಷಿಯಲ್ ಟ್ರೆಮರ್ ಎಂದಾದರೆ ಪ್ರೊಪ್ರನೊಲಾಲ್ ಅಥವಾ ಪ್ರಿಮಿಡೋನ್ ಎಂಬ ಹಳೆಯ ಮಾತ್ರೆಗಳನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟು ನೋಡಬೇಕು. ಅವು ಸೋತ ಮೇಲೆಯೇ ಅಲ್ಟ್ರಾಸೌಂಡಿನ ಸರದಿ, ಏಕೆಂದರೆ ಅದರ ಪುರಾವೆಗಳೆಲ್ಲ ಅಂಥ ರೋಗಿಗಳಿಂದಲೇ ಬಂದವು. ವಯಸ್ಸಾದ ಮೇಲೆ ಕೈ ನಡುಗುವುದು ಸಹಜ ಎಂದು ಸುಮ್ಮನಿರುವವರು ಈ ಮೊದಲ ಮೆಟ್ಟಿಲನ್ನೂ ಹತ್ತುವುದಿಲ್ಲ.

ಆ ಮೆಟ್ಟಿಲುಗಳನ್ನು ಕಟ್ಟುವ ಕೆಲಸ ನಡೆದಿಲ್ಲವೆನ್ನಲಾಗದು. ಚಾಮರಾಜನಗರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2016ರಲ್ಲಿ ಆರಂಭವಾಗಿ, ಅದರ 450 ಹಾಸಿಗೆಗಳ ಬೋಧನಾ ಆಸ್ಪತ್ರೆ 2021ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡಿತು. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರದಲ್ಲಿ ಪ್ರಯೋಗವಾಗಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮೂರ್ಛೆ, ಪಾರ್ಶ್ವವಾಯು, ತಲೆನೋವು, ಮರೆವುಗಳನ್ನು ಗುರುತಿಸುವ ತರಬೇತಿ ಕೊಡುವ ಯೋಜನೆ. ಯಳಂದೂರಿನ ತಂಡ ಸ್ವಂತ ಹುಮ್ಮಸ್ಸಿನಿಂದ ಮಾಡಿದ್ದನ್ನು ಇದು ವ್ಯವಸ್ಥೆಯ ಭಾಗವಾಗಿ ಮಾಡಲು ಹೊರಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ದಾಟಿದ 10,000 ಗ್ರಾಮೀಣರನ್ನು ವರ್ಷಗಟ್ಟಲೆ ಅನುಸರಿಸುವ ಗುರಿಯಿಟ್ಟು ಅವರ ಎಂ.ಆರ್.ಐ. ಚಿತ್ರಗಳನ್ನೂ ಸಂಗ್ರಹಿಸುತ್ತಿದೆ. ಬಹುಮಟ್ಟಿಗೆ ಪಾಶ್ಚಾತ್ಯ ನಗರವಾಸಿಗಳ ಮೆದುಳಿನ ಮೇಲೆ ನಿಂತಿರುವ ಚಿತ್ರಣ ಶಾಸ್ತ್ರಕ್ಕೆ ಇಂಥ ಕೆಲಸ ತೀರ ಅಗತ್ಯ.

ಅಲ್ಟ್ರಾಸೌಂಡ್ ಚಿಕಿತ್ಸೆಯ ಬಗೆಗಿನ ಕೊರತೆ ದೀರ್ಘಕಾಲದ ಫಲಿತಾಂಶದಲ್ಲಿದೆ. ವರ್ಷಗಳು ಕಳೆದಂತೆ ಅಧ್ಯಯನಗಳಿಂದ ರೋಗಿಗಳು ಕೈಬಿಟ್ಟುಹೋಗುತ್ತಾರೆ. ಉಳಿದವರ ಅಂಕಗಳು ಎಲ್ಲರ ಅಂಕಗಳಲ್ಲ. 2022ರ ಡಿಸೆಂಬರ್‌ನಲ್ಲಿ ಅಮೆರಿಕ ಮೆದುಳಿನ ಇನ್ನೊಂದು ಬದಿಯ ಚಿಕಿತ್ಸೆಗೂ ಅನುಮತಿ ಕೊಟ್ಟಾಗ, ಮೊದಲನೆಯದಾಗಿ ಕನಿಷ್ಠ 9 ತಿಂಗಳಾದರೂ ಕಳೆದಿರಬೇಕೆಂಬ ನಿಬಂಧನೆ ಇಟ್ಟಿತು. ಎರಡೂ ಬದಿ ಸುಟ್ಟರೆ ಮಾತು ಮತ್ತು ನಡಿಗೆಗೆ ಒದಗುವ ಅಪಾಯ ಹಳೆಯ ಶಸ್ತ್ರಚಿಕಿತ್ಸೆಯ ಕಾಲದಿಂದಲೂ ಗೊತ್ತಿದ್ದದ್ದು. ಆ ಒಂಬತ್ತು ತಿಂಗಳಲ್ಲಿ ನಡುಕ ಎಷ್ಟು ಮರಳಿದೆ, ನಡಿಗೆ ಎಷ್ಟು ತೂರಾಡುತ್ತಿದೆ ಎಂಬುದನ್ನು ನೋಡಲು ರೋಗಿ ಮತ್ತೆ ಕೊಯಮತ್ತೂರಿಗೋ ಬೆಂಗಳೂರಿಗೋ ಹೋಗಬೇಕಾಗಿಲ್ಲ. ನಡುಕದ ಅಂಕ ಹಾಕುವ ಪರೀಕ್ಷೆಯಲ್ಲಿ ಬರುವುದು ಸುರುಳಿ ಬರೆಯುವುದು, ಒಂದು ಸಾಲು ಕೈಬರಹ, ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಸುರಿಯುವುದು ಇಂಥವೇ. ಗುಂಡ್ಲುಪೇಟೆಯ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ, ತರಬೇತಾದ ಶುಶ್ರೂಷಕಿಯೊಬ್ಬರು ಇವನ್ನು ಮಾಡಿಸಿ, ದಿನಾಂಕ ಹಾಕಿ, ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ಕಳುಹಿಸಬಹುದು. ಎರಡನೆಯ ಬದಿಗೆ ಕೈಹಾಕುವ ಮುನ್ನ ಆ ವೈದ್ಯರು ಕೇಳಬೇಕಾದ ದಾಖಲೆಯೂ ಇದೇ.